ಉಪ್ಪುಮೊಟ್ಟೆಯ ಹಳದಿ

ತಿವ್ ಅಕ್ಕ ರಟ್ಟೆ ಹಿಡಿದು ಎಬ್ಬಿಸಿದಾಗ ಲಮ್‌ದುವಾನ್ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದಳು.

“ಏಳೇ, ವೇದಿಕೆ ಮೇಲೆ ಒಬ್ಬಳು ಕಮ್ಮಿ ಬಿದ್ದಿದಾಳೆ. ಸುಳ್ಳು ತಾಯಿ ಆಗ್ಬೇಕು, ಅಷ್ಟೆ.”

“ಚಪ್ಪಾಳೆ ಬಿಟ್ರೆ ನಂಗೇನು ಬರುತ್ತೆ ಅಕ್ಕ?”

“ತಾಯಿ ಆಗೋಕೆ ಶಾಲೆಗೆ ಹೋಗ್ಬೇಕೇನೇ? ನಡಿ, ತುಟಿಗೆ ಸ್ವಲ್ಪ ಬಣ್ಣ ಹಚ್ಕೋ.”

ಬಾಡಿಗೆ ಪ್ರೇಕ್ಷಕರನ್ನು ವ್ಯಾನಿನಲ್ಲಿ ತುಂಬಿಕೊಂಡು ಬ್ಯಾಂಕಾಕಿನ ಸ್ಟುಡಿಯೋಗಳಿಗೆ ತಂದು ಸುರಿಯುವುದು ತಿವ್ ಅಕ್ಕನ ಕಸುಬು. ನಗಿ ಎಂದಾಗ ನಗಬೇಕು, ಅಯ್ಯೋ ಅನ್ನಿ ಎಂದಾಗ ಅನ್ನಬೇಕು, ಕ್ಯಾಮೆರಾವನ್ನು ಮಾತ್ರ ನೋಡಬಾರದು. ಲಮ್‌ದುವಾನ್ ಬರುತ್ತಿದ್ದುದು ಕೂಲಿಗಲ್ಲ. ಕೊರಿಯಾದ ತೋಟವೊಂದರಲ್ಲಿ ಕದ್ದುಮುಚ್ಚಿ ದುಡಿಯುವ ಮಗಳು ಮೊತ್ ಈ ಟಿವಿ ಆಟವನ್ನು ಪ್ರತಿ ಭಾನುವಾರ ಫೋನಿನಲ್ಲಿ ನೋಡುತ್ತಿದ್ದಳು. ಕ್ಯಾಮೆರಾ ಒಮ್ಮೆ ತನ್ನ ಮುಖದ ಮೇಲೆ ಹಾದುಹೋದರೆ ಸಾಕು, ಮಗಳ ಕಣ್ಣಿಗೆ ಬೀಳುತ್ತೇನೆ ಎಂದು ಲಮ್‌ದುವಾನ್ ಬರುತ್ತಿದ್ದಳು.

ಅಪ್ಪ ತೀರಿಕೊಂಡಾಗ ಮೊತ್ ಬರಲಿಲ್ಲ. ಕಾಗದಪತ್ರವಿಲ್ಲದವಳು, ಬಂದಿದ್ದರೆ ಮತ್ತೆ ಅಲ್ಲಿ ಒಳಗೆ ಬಿಡುತ್ತಿರಲಿಲ್ಲ. ಅದು ಗೊತ್ತಿದ್ದೂ ಲಮ್‌ದುವಾನ್ ಫೋನಿನಲ್ಲಿ, “ಅಪ್ಪನ ಚಿತೆಗೆ ಗಂಧದ ಹೂ ಇಡೋಕೂ ಬರದೋಳು ನಂಗೆ ಮಗಳೇ ಅಲ್ಲ” ಎಂದುಬಿಟ್ಟಿದ್ದಳು. ಅಂದಿನಿಂದ ತಾನು ಕಳಿಸಿದ ಸಂದೇಶಗಳಿಗೆಲ್ಲ ನೋಡಿದ ಗುರುತು ಬೀಳುತ್ತಿತ್ತು, ಉತ್ತರ ಮಾತ್ರ ಬರುತ್ತಿರಲಿಲ್ಲ. ನೋಡುತ್ತಿದ್ದಾಳಲ್ಲ ಎಂಬುದೇ ಅರ್ಧ ಸಮಾಧಾನ, ಅರ್ಧ ಸಂಕಟ.

ಆಟ ಸುಲಭದ್ದು. ಒಬ್ಬ ಹುಡುಗಿ, ಮೂವರು ಹೆಂಗಸರು. ಅವರಲ್ಲಿ ಹೆತ್ತವಳು ಯಾರೆಂದು ಸ್ಪರ್ಧಿ ಹೇಳಬೇಕು. ಮಿಂಚುವ ಕೋಟಿನ ನಿರೂಪಕ ಮೈಕು ಚಾಚಿದ.

“ನಿಮ್ಮ ಮಗಳಿಗೆ ಜ್ವರ ಬಂದ್ರೆ ಏನು ಮಾಡ್ಕೊಡ್ತೀರಿ ಅಮ್ಮ?”

ಲಮ್‌ದುವಾನ್ ಹುಡುಗಿಯ ಹೆಗಲ ಮೇಲೆ ಕೈಯಿಟ್ಟಳು. ಹೆಗಲು ಬೆಚ್ಚಗಿತ್ತು. ಎಷ್ಟೋ ಕಾಲದ ಮೇಲೆ ಒಂದು ಮಗುವಿನ ಮೈ ಕೈಗೆ ಸಿಕ್ಕಿತ್ತು. ನಿಯಮ ಬದಿಗಿಟ್ಟು ಕ್ಯಾಮೆರಾವನ್ನೇ ನೇರವಾಗಿ ನೋಡಿದಳು.

“ಅನ್ನದ ಗಂಜಿ. ಜೊತೆಗೆ ಉಪ್ಪಲ್ಲಿಟ್ಟ ಬಾತುಮೊಟ್ಟೆ. ಹಳದಿ ಪೂರ್ತಿ ಅವಳು ತಿಂತಾಳೆ. ಬಿಳಿ ಬಿಡ್ತಾಳೆ, ಅದು ನಂಗೆ.”

ಸ್ಪರ್ಧಿ ಯೋಚಿಸದೆ ಅವಳನ್ನೇ ತೋರಿಸಿದ. ನಿಜವಾದ ತಾಯಿ ನಗುತ್ತ ಮುಂದೆ ಬಂದಳು. ಹುಡುಗಿ ಓಡಿಹೋಗಿ ಅವಳನ್ನು ತಬ್ಬಿಕೊಂಡಳು. ಲಮ್‌ದುವಾನ್‌ಳ ಕೈ ಇಟ್ಟಲ್ಲೇ ಗಾಳಿಯಲ್ಲಿ ಉಳಿಯಿತು. ಪ್ರೇಕ್ಷಕರು ಹೇಳಿಸಿಕೊಂಡಂತೆ ಅಯ್ಯೋ ಎಂದರು.

ವ್ಯಾನಿನಲ್ಲಿ ತಿವ್ ಅಕ್ಕ ಬಿಡಲಿಲ್ಲ. “ನಿನ್ನ ಮೊತ್ ತಿನ್ನೋದು ಬಿಳಿ, ಬಿಡೋದು ಹಳದಿ ಅಂತ ನನ್ನ ತಲೆ ತಿಂದಿದೀಯಲ್ಲೇ. ಅಲ್ಲಿ ಹೋಗಿ ಯಾಕೆ ಉಲ್ಟಾ ಹೇಳ್ದೆ?”

“ಚಿಕ್ಕೋಳಿದ್ದಾಗ ಟಿವಿಲಿ ಯಾರಾದ್ರೂ ತಪ್ಪು ಉತ್ತರ ಕೊಟ್ರೆ ಊಟ ಬಿಟ್ಟು ಎದ್ದು ಟಿವಿಗೇ ಬೈತಿದ್ಲು ಅಕ್ಕ. ತಡ್ಕೊಳ್ಳೋಕೇ ಆಗ್ತಿರ್ಲಿಲ್ಲ ಅವಳಿಗೆ.”

“ಹುಚ್ಚಿ” ಎಂದು ತಿವ್ ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಆಟ ಪ್ರಸಾರವಾದ ಭಾನುವಾರ ಲಮ್‌ದುವಾನ್ ಟಿವಿ ಹಾಕಲಿಲ್ಲ. ಬಟ್ಟೆ ಒಗೆದು ಒಣಹಾಕಲು ನಿಂತಿದ್ದಾಗ ಸೊಂಟದಲ್ಲಿದ್ದ ಫೋನು ಅದುರಿತು.

“ಹಳದಿ, ಅಮ್ಮ. ನಾನು ಬಿಡ್ತಿದ್ದಿದ್ದು ಹಳದಿ. ಅದನ್ನ ನೀನು ತಿಂತಿದ್ದೆ. ಅಷ್ಟೂ ನೆನಪಿಲ್ವಾ?”

ಲಮ್‌ದುವಾನ್ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ತಪ್ಪಾಯ್ತು ಎಂದು ಬರೆದಳು, ಅಳಿಸಿದಳು. ಅದಕ್ಕೂ ಬರೀ ನೋಡಿದ ಗುರುತಷ್ಟೇ ಬಿದ್ದರೆ ಎಂಬ ಹೆದರಿಕೆ. ಕೊನೆಗೆ ಬರೆದಳು:

“ಹೌದಾ? ಗಂಜಿಗೆ ಶುಂಠಿ ಮಾತ್ರ ಜಾಸ್ತಿ ಇರ್ಬೇಕಿತ್ತು ನಿಂಗೆ. ಅದು ಚೆನ್ನಾಗಿ ನೆನಪಿದೆ.”

ಶುಂಠಿಯ ವಾಸನೆ ಬಂದರೆ ಬಟ್ಟಲನ್ನೇ ಆಚೆ ತಳ್ಳುತ್ತಿದ್ದ ಹುಡುಗಿ ಅದು.

ನೋಡಿದ ಗುರುತು ಬಿತ್ತು. ಮಡಿಲಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಲಮ್‌ದುವಾನ್ ಫೋನಿನಿಂದ ಕಣ್ಣು ಕೀಳಲಿಲ್ಲ.