ನಡುವಿನ ಬಿಳಿ ಅಂಚು

ಅಪ್ಪ ಬಿಟ್ಟುಹೋದ ಹಳೆಯ ಅಂಚೆಚೀಟಿಗಳಲ್ಲಿ ಕತ್ತರಿಸದೆ ಒಂದೇ ತುಂಡಾಗಿ ಉಳಿದಿದ್ದ ಒಂದು ಜೋಡಿಗೆ ಅಣ್ಣ ತಂಗಿ ಇಬ್ಬರೂ ಆಸೆಪಟ್ಟಿದ್ದರು. ಅಂಚಿಗೆ ತೂತು ಹೊಡೆಯದ ಕಾಲದ ಚೀಟಿಗಳು; ಕತ್ತರಿಯಿಂದಲೇ ಬೇರ್ಪಡಿಸಬೇಕು. ನಡುವಿನ ಬಿಳಿ ಜಾಗವನ್ನು ಸರಿಯಾಗಿ ಮಧ್ಯಕ್ಕೇ ಕತ್ತರಿಸಬೇಕು, ಅಂಚು ಹೋದ ಚೀಟಿ ಕಸಕ್ಕೆ ಸಮ ಎಂದು ಅಪ್ಪ ಇಬ್ಬರಿಗೂ ಹೇಳಿಕೊಟ್ಟಿದ್ದ.

ಒಬ್ಬರಿಗೊಂದು ಎಂದು ಅಣ್ಣ ಕತ್ತರಿಸಿ ಕೊಟ್ಟದ್ದನ್ನು ನೋಡಿ ತಂಗಿಗೆ ಮೈಯೆಲ್ಲ ಉರಿದುಹೋಯಿತು. ಬಿಳಿಯೆಲ್ಲ ಅವನ ಪಾಲಾಗಿತ್ತು. ಸಾಲದ್ದಕ್ಕೆ, ಅವಳ ಚಿತ್ರದ ಚೌಕಟ್ಟಿನ ಗೆರೆಯೂ ಅವನ ಅಂಚಿನ ತುದಿಗೆ ಸೇರಿಹೋಗಿತ್ತು.

"ಕೈ ಜಾರ್ತು ಕಣೇ. ಬರೀ ಬಿಳಿ ಕಾಗದಕ್ಕೆ ಇಷ್ಟೊಂದು ಸಿಡುಕಾ?" ಎಂದ ಅಣ್ಣ.

"ಹಾಗಾದ್ರೆ ನಿನ್ನದು ನಂಗೆ ಕೊಡು."

ಅವನು ಕೊಡಲಿಲ್ಲ. ಅಮ್ಮ ಎಂದಿನಂತೆ ಮಗನ ಪರ ವಹಿಸಿಕೊಂಡು ಬಂದಳು. "ಹೋಗ್ಲಿ ಬಿಡೇ. ಕೂದಲೆಳೆಯಷ್ಟು ಕಾಗದಕ್ಕೆ ಅಣ್ಣನ ಹತ್ರ ಜಗಳ ಆಡ್ತಾರಾ?"

ತಂಗಿ ಕತ್ತರಿ ಎತ್ತಿಕೊಂಡಳು. ಮೇಜಿನ ಮೇಲಿದ್ದ ಅವನ ಚೀಟಿಯನ್ನು ಎಳೆದುಕೊಂಡು, ಆ ಬದಿಯ ಬಿಳಿಯನ್ನೆಲ್ಲ ಚಿತ್ರಕ್ಕೆ ತಾಗುವವರೆಗೆ ನೀಟಾಗಿ ಕತ್ತರಿಸಿದಳು. ಅಣ್ಣ ಹೌಹಾರಿ ಎದ್ದುನಿಂತ.

"ಯಾಕಣ್ಣ, ಬರೀ ಬಿಳಿ ಕಾಗದ ತಾನೇ?" ಎಂದಳು. "ನನ್ನ ಗೆರೆ ಅದರಲ್ಲಿತ್ತು, ತಗೊಂಡೆ."