ಕುರ್ಚಿ ಮೇಲಿನ ಕುರ್ಚಿ

ಮಧ್ಯಾಹ್ನ ದಾಟಿದ ಮೇಲೆ ಶಿವಗಂಗಾ ನೀರು ಮುಟ್ಟುತ್ತಿರಲಿಲ್ಲ. ಬೆಳಗ್ಗೆ ಅರ್ಧ ಲೋಟ ಚಹಾ, ಮಧ್ಯಾಹ್ನ ಅರ್ಧ ರೊಟ್ಟಿ, ಅಷ್ಟೇ. ಹಸಿವಿರಲಿಲ್ಲ ಅಂತಲ್ಲ, ಹೊಟ್ಟೆ ತಾಳ ಹಾಕುತ್ತಿತ್ತು. ಆದರೆ ತಿಂದದ್ದು, ಕುಡಿದದ್ದು ಹೊರಗೆ ಹೋಗಬೇಕಲ್ಲ? ಆ ಒಂದು ಕೆಲಸಕ್ಕೆ ಹೆದರಿ ಅವಳು ಬಾಯಿ ಕಟ್ಟಿದ್ದಳು.

ಪೀಣ್ಯದ ಹಿಂಬದಿಯ ಒಂದು ವಠಾರ. ಸಾಲಾಗಿ ಶೀಟು ಹೊದಿಸಿದ ಕೋಣೆಗಳು, ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಪಾಯಖಾನೆ. ನೆಲಕ್ಕೆ ಹುಗಿದ ಬೇಸಿನ್ನು, ಅದರ ಎರಡು ಕಡೆ ಪಾದ ಊರುವ ಜಾಗ, ಭುಜಕ್ಕೆ ತಾಗುವ ಗೋಡೆ. ಒಳಗೆ ಹೋದವರು ಕುಕ್ಕರಗಾಲಿನಲ್ಲಿ ಕೂರಬೇಕು. ಶಿವಗಂಗಾಳ ಬಲಗಾಲು ಬಗ್ಗುತ್ತಿರಲಿಲ್ಲ. ಸೊಂಟದಿಂದ ತೊಡೆಯವರೆಗೆ ರಾಡು ಹಾಕಿದ್ದರು. "ಇನ್ಮುಂದೆ ನೆಲಕ್ಕೆ ಕೂರೋ ಹಾಗಿಲ್ಲಮ್ಮ, ಎತ್ತರದ ಮೇಲೇ ಕೂರಬೇಕು" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ಎತ್ತರ ಎಲ್ಲಿ ಸಿಗುತ್ತದೆ ಎಂದು ಅವರು ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಗಂಡ ಯಮನಪ್ಪ ಗಾರೆ ಕೆಲಸದವನು. ಯಾದಗಿರಿ ಕಡೆಯಿಂದ ದುಡಿಯಲು ಬಂದ ಜೋಡಿ. ಬೆಳಕು ಹರಿಯುವ ಹೊತ್ತಿಗೆ ಅವನು ಅವಳನ್ನು ಬೆನ್ನ ಮೇಲೆ ಹೊತ್ತು ಪಾಯಖಾನೆಗೆ ಒಯ್ಯುತ್ತಿದ್ದ. ಕಂಕುಳಿಗೆ ಕೈ ಕೊಟ್ಟು ಅರ್ಧ ನಿಲ್ಲಿಸಿ, ಅರ್ಧ ನೇತಾಡಿಸಿ ಹಿಡಿದು, ಮುಖವನ್ನು ಗೋಡೆ ಕಡೆ ತಿರುಗಿಸುತ್ತಿದ್ದ. ಹೊರಗೆ ಚೊಂಬು ಹಿಡಿದು ನಿಂತವರು ಕೆಮ್ಮುತ್ತಿದ್ದರು.

"ಆತೇನು?"

"ಇಲ್ಲ."

"ಜಲ್ದಿ ಮಾಡ, ಮಂದಿ ನಿಂತಾರ."

"ಕೈಲೆ ತಗದು ಕೊಡ್ಲೇನು? ಬರವಲ್ದು ಅಂದ್ರ ಬರವಲ್ದು!"

ಅವನ ತೋಳು ಸೋತ ಕೂಡಲೇ ಇಬ್ಬರೂ ವಾಪಸು ಬರುತ್ತಿದ್ದರು. ಅವನು ಪ್ಲಾಸ್ಟಿಕ್ ಕುರ್ಚಿಯೊಂದಕ್ಕೆ ತೂತು ಕೊರೆದು ತಂದ. ಆ ಇಕ್ಕಟ್ಟಿನಲ್ಲಿ ಕುರ್ಚಿ ಹಿಡಿಸಲಿಲ್ಲ. ಬದಿ ಕತ್ತರಿಸಿ ಹಿಡಿಸಿದ ಮೇಲೆ ಅದರ ಕಾಲು ಬೇಸಿನ್ನಿಗೆ ಜಾರಿ ಶಿವಗಂಗಾ ಗೋಡೆಗೆ ತಲೆ ಹೊಡೆದುಕೊಂಡಳು. ಕೊನೆಗೆ ಕೆಲಸದ ಜಾಗದಿಂದ ಖಾಲಿ ಬಣ್ಣದ ಬಕೆಟ್ಟು ತಂದ. ಅದೇ ಕೋಣೆಯಲ್ಲಿ ಒಲೆ, ಅದೇ ಕೋಣೆಯಲ್ಲಿ ಹಾಸಿಗೆ, ಅದೇ ಕೋಣೆಯಲ್ಲಿ ಬಕೆಟ್ಟು.

ವಠಾರದ ಒಡತಿ ಅಂಜನಮ್ಮ ಇದೇ ಊರಿನ ಹಳಬಳು. ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಳು.

"ಇಂಗಾದ್ರೆ ಎಂಗವ್ವ? ಪಕ್ಕದ ರೂಮಿನೋರು ಬುಟ್ಟೋಗ್ತೀವಿ ಅಂತವ್ರೆ. ನಾನೇನ್ ಕೆಟ್ಟೋಳಲ್ಲ. ಆದ್ರೆ ಆ ಬಕೀಟು ಇನ್ನೊಂದ್ ಕಿತ ಈಚೆ ಬಂದಿದ್ ಕಂಡ್ರೆ ನೀವೇ ಬ್ಯಾರೆ ಕಡೆ ನೋಡ್ಕಬೇಕಾಯ್ತದೆ."

ಅವತ್ತಿನಿಂದ ಶಿವಗಂಗಾ ನೀರು ಬಿಟ್ಟಿದ್ದಳು.

ನಗು ಬರುವ ಸಂಗತಿಯೆಂದರೆ ಅವಳು ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಇದೇ ಕಷ್ಟಕ್ಕೆ ಬೇಕಾದ ಸಾಮಾನು. ಮಂಡಿ ಬಗ್ಗದವರಿಗೆ, ಸೊಂಟ ಮುರಿದವರಿಗೆ ಪಾಯಖಾನೆಯಲ್ಲಿ ಕೂರಲು ಎತ್ತರದ ಬಿಳಿ ಸೀಟು. ಗೇಣುದ್ದ ದಪ್ಪ, ನಡುವೆ ದೊಡ್ಡ ತೂತು, ಎರಡು ಕಡೆ ಹಿಡಿಕೆ. ಮಿಷಿನ್ನಿನಿಂದ ಬಿಸಿಬಿಸಿ ಬಿದ್ದ ಸೀಟಿನ ಅಂಚನ್ನು ಚಾಕುವಿನಿಂದ ಕೆರೆದು ನುಣ್ಣಗೆ ಮಾಡುವುದು ಅವಳ ಕೆಲಸ. ಯಾರ ತೊಡೆಗೂ ಚುಚ್ಚಬಾರದೆಂದು ಬೆರಳಾಡಿಸಿ ನೋಡಿ ನೋಡಿ ಕೆರೆಯುತ್ತಿದ್ದಳು. ಆಮೇಲೆ ಸೀಟುಗಳು ಲಾರಿ ಹತ್ತಿ ಬೇರೆ ಶೆಡ್ಡಿಗೆ ಹೋಗುತ್ತಿದ್ದವು. ಅಲ್ಲಿ ಅದಕ್ಕೆ ಏನು ಜೋಡಿಸಿ, ಯಾವ ಡಬ್ಬಿಗೆ ತುಂಬುತ್ತಾರೆ ಎಂದು ಈ ಹೆಂಗಸರು ಕಂಡವರಲ್ಲ.

ಅವಳ ಸೊಂಟ ಮುರಿದದ್ದೂ ಅಲ್ಲೇ. ಪ್ಲಾಸ್ಟಿಕ್ಕು ಕರಗಿಸಿ ಸುರಿಯುವ ಕಬ್ಬಿಣದ ಅಚ್ಚಿಗೆ ಡೈ ಎನ್ನುತ್ತಾರೆ. ಅದನ್ನು ಸರಪಳಿಯಲ್ಲಿ ಮೇಲೆತ್ತಿ ಮಿಷಿನ್ನಿಗೆ ಕೂರಿಸಬೇಕು. ಸರಪಳಿಯ ಕೊಂಡಿಯೊಂದು ಬಾಯಿ ಬಿಟ್ಟಿತ್ತು. ಹೊಸದು ತರುವ ಬದಲು ಮಾಲೀಕ ನರೇಶ್ ಅದಕ್ಕೆ ತಂತಿ ಸುತ್ತಿಸಿದ್ದ. ಆ ದಿನ ತಂತಿ ಕಿತ್ತುಕೊಂಡಿತು. ಕೆಳಗೆ ಶಿವಗಂಗಾ ಇದ್ದಳು.

ಆಸ್ಪತ್ರೆಗೆ ಒಯ್ಯುವಾಗ ಕಾರಿನಲ್ಲಿ ನರೇಶ್ ಅವಳ ಕಡೆ ಬಗ್ಗಿ ಹೇಳಿದ್ದ: "ಶಿವಗಂಗಮ್ಮ, ಫ್ಯಾಕ್ಟ್ರೀಲಿ ಆಗಿದ್ದು ಅಂತ ಮಾತ್ರ ಹೇಳ್ಬೇಡಿ. ಇನ್ಸ್‌ಪೆಕ್ಟರ್ ಬಂದು ಬೀಗ ಜಡೀತಾರೆ. ನಿಮ್ ಜೊತೆಯೋರೇ ಬೀದಿಗ್ ಬೀಳ್ತಾರೆ. ಮನೇಲಿ ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಹೇಳಿ. ಮಿಕ್ಕಿದ್ದು ನಾನ್ ನೋಡ್ಕೋತೀನಿ, ಪ್ರಾಮಿಸ್."

ನೋವಿನಲ್ಲಿ ಅವಳು ಹೂಂ ಅಂದಳು. ಬಚ್ಚಲಲ್ಲಿ ಬಿದ್ದದ್ದೆಂದೇ ಆಯಿತು. ವಠಾರದ ಬಚ್ಚಲಲ್ಲಿ ಬೀಳಬೇಕೆಂದರೂ ಜಾಗವಿಲ್ಲ ಎಂಬುದನ್ನು ಆಸ್ಪತ್ರೆಯವರು ಯಾಕೆ ನೋಡಲು ಬರುತ್ತಾರೆ? ರಾಡು ಹಾಕಿಸಿದ ಮೇಲೆ ನರೇಶ್ ಫೋನು ಎತ್ತುವುದನ್ನೇ ಬಿಟ್ಟ.

ಜೊತೆಗೆ ಕೆಲಸ ಮಾಡುತ್ತಿದ್ದ ವೇಣಿ ನೋಡಲು ಬಂದಾಗ ಶಿವಗಂಗಾಳ ತುಟಿ ಬಿರಿದಿತ್ತು, ಕಣ್ಣು ಒಳಗಿಳಿದಿತ್ತು.

"ಏನಕ್ಕಾ ಇದು, ಹಿಂಗಾಗ್ಬಿಟ್ಟಿದೀಯ?"

ಶಿವಗಂಗಾ ಬಣ್ಣದ ಬಕೆಟ್ಟಿನ ಕಡೆ ಕೈ ಮಾಡಿದಳು. "ಸತ್ರ ಛಲೋ ಆಗ್ತದವ್ವಾ ವೇಣಿ. ಖರೇನ. ಹೇಲಾಕ ಹೋಗೂದಕ್ಕ ಗಂಡನ ಕೊಳ್ಳಿಗಿ ಜೋತಬೀಳೂದಂದ್ರ ಏನ ಬಾಳೆ ಇದು?"

ವೇಣಿ ಹಣೆ ಬಡಿದುಕೊಂಡಳು. "ಅಯ್ಯೋ, ದಿನಾ ಬೆಳಗಾದ್ರೆ ಆ ಸೀಟನ್ನೇ ಮಾಡ್ತೀವಲ್ಲಕ್ಕಾ! ಒಂದು ನಿಂಗೆ ಬೇಕು ಅಂತ ನಮಗ್ಯಾರಿಗೂ ಹೊಳೀಲೇ ಇಲ್ವಲ್ಲ."

ಮರುದಿನವೇ ಅವಳು ನರೇಶನ ಹತ್ತಿರ ಒಂದು ಸೀಟು ಕೇಳಿದಳು. ಕೆಟ್ಟ ಸೀಟುಗಳು ಬೇಕಾದಷ್ಟಿದ್ದವು. ಆದರೆ ಅಲ್ಲಿಯ ಪದ್ಧತಿ ಬೇರೆ. ಕೂದಲೆಳೆಯಷ್ಟು ಬಿರುಕಿದ್ದರೂ ಸೀಟು ಹೊರಗೆ ಹೋಗುವಂತಿಲ್ಲ. ಸಂಜೆಯಾದಾಗ, ಮಾಡಿದವರೇ ಅದನ್ನು ಗರಗಸದಲ್ಲಿ ಕೊಯ್ದು ಪುಡಿ ಮಾಡುವ ಮಿಷಿನ್ನಿಗೆ ಹಾಕಬೇಕು.

"ಒಬ್ರಿಗೆ ಕೊಟ್ರೆ ನಾಳೆ ಎಲ್ರೂ ಕೇಳ್ತಾರೆ ಕಣಮ್ಮ" ಎಂದ ನರೇಶ್. ಎಲ್ಲರ ಸೊಂಟವೂ ಮುರಿಯಲಿದೆ ಎಂದು ಅವನಿಗೆ ಖಾತ್ರಿಯಿತ್ತೇನೋ.

ಕೊಡದಿದ್ದರೆ ಬಿಡುವವಳಲ್ಲ ವೇಣಿ. ಸಂಜೆ ಬಿರುಕಿನ ಸೀಟೊಂದನ್ನು ಹೊಟ್ಟೆಗೆ ಕಟ್ಟಿಕೊಂಡು ಮೇಲೆ ಸೀರೆ ಸುತ್ತಿ, ತುಂಬಿದ ಬಸುರಿಯಂತೆ ಬೆನ್ನಿಗೆ ಕೈಕೊಟ್ಟು ನಡೆದಳು. ಗೇಟಿನ ಮುದುಕ ನೋಡಿ, "ಬೆಳಗ್ಗೆ ಇರ್ಲಿಲ್ವಲ್ಲಮ್ಮ?" ಅಂದ. "ದೇವ್ರು ಕೊಟ್ಟ ತಾತ" ಅಂದಳು. ಮುದುಕ ನಗು ತಡೆದುಕೊಂಡು ಆಚೆ ತಿರುಗಿದ.

ವಠಾರದಲ್ಲಿ ಹಬ್ಬವೇ ಆಯಿತು. ಯಮನಪ್ಪ ಸೀಟು ತೊಳೆದ, ಶಿವಗಂಗಾ ಅದರ ಅಂಚಿಗೆ ಬೆರಳಾಡಿಸಿದಳು. ಅಂದು ಅವಳು ಎರಡು ಲೋಟ ನೀರು ಕುಡಿದಳು. ಮೂವರೂ ಪಾಯಖಾನೆಗೆ ಹೋಗಿ ಸೀಟನ್ನು ಬೇಸಿನ್ನಿನ ಮೇಲೆ ಇಟ್ಟರು. ಅದು ಒಂದು ಕಡೆ ವಾಲಿತು. ತಿರುಗಿಸಿ ಇಟ್ಟರು, ಇನ್ನೊಂದು ಕಡೆ ವಾಲಿತು. ನೆಟ್ಟಗೆ ನಿಂತಾಗಲೂ ನೆಲದಿಂದ ಗೇಣೇ ಎತ್ತರ. ಅದರ ಮೇಲೆ ಕೂರುವುದೂ ಒಂದೇ, ಕುಕ್ಕರಗಾಲೂ ಒಂದೇ.

"ಇದರ ಕಾಲು ಎಲ್ಲದಾವ?" ಯಮನಪ್ಪ ಕೇಳಿದ.

ವೇಣಿ ಬೆಪ್ಪಾಗಿ ನಿಂತಳು. "ಕಾಲು... ಆ ಕಡೆ ಶೆಡ್ಡಲ್ಲಿ ಹಾಕ್ತಾರೇನೋ ಅಣ್ಣ."

ಗದ್ದಲ ಕೇಳಿ ಪಕ್ಕದ ತನ್ನ ಮನೆಯ ಮಹಡಿಯಿಂದ ಇಳಿದು ಬಂದ ಅಂಜನಮ್ಮ ಬಾಯಿ ಮೇಲೆ ಕೈ ಇಟ್ಟಳು. "ಅಯ್ಯೋ ನಿಮ್ ಮನೆ ಕಾಯೋಗ! ಇದು ಕಮೋಡ್ ಮ್ಯಾಲೆ ಕೂರ್ಸೋದು ಕಣ್ರವ್ವ. ನಮ್ಮತ್ತೆಗೆ ಮ್ಯಾಲ್ಗಡೆ ಇದೇ ಆಕ್ಸಿಲ್ವಾ?"

"ಕಮೋಡ ಅಂದ್ರ ಮೊದ್ಲ ಕುರ್ಚಿ ಇದ್ದಂಗ ಇರ್ತದಲ್ಲೇನ್ರಿ?" ಶಿವಗಂಗಾ ಕೇಳಿದಳು. "ಕುರ್ಚಿ ಮ್ಯಾಲ ಮತ್ತ ಕುರ್ಚಿ ಯಾಕ?"

"ಆ ಎತ್ತರಾನೂ ಸಾಲದೋರಿಗೆ ಕಣವ್ವ."

ಸಾವಿರಗಟ್ಟಲೆ ಸೀಟು ಕೆರೆದ ಇಬ್ಬರು ಹೆಂಗಸರು ಅಲ್ಲಿ ನಿಂತಿದ್ದರು. ಅದು ನೆಲದ ಮೇಲೆ ಕೂರುವವರನ್ನು ಎತ್ತರಕ್ಕೆ ಏರಿಸುವ ಸಾಮಾನೆಂದೇ ಅವರು ನಂಬಿದ್ದರು. ಆಗಲೇ ಎತ್ತರದಲ್ಲಿ ಕೂತವರಿಗೆ ಇನ್ನಷ್ಟು ಎತ್ತರ ಎಂದು ಅವರಿಗೆ ಹೇಗೆ ಹೊಳೆಯಬೇಕು?

"ಅಕ್ಕಾರ, ಮ್ಯಾಲ ನಿಮ್ಮನ್ಯಾಗ..." ಯಮನಪ್ಪ ತೊದಲಿದ.

"ಅಷ್ಟು ಮೆಟ್ಲು ಅತ್ತಾಳಾ? ಸುಮ್ಕಿರಪ್ಪ. ನಮ್ಮನೇವ್ರೂ ಒಪ್ಪಾಕಿಲ್ಲ" ಎಂದು ಅಂಜನಮ್ಮ ಹತ್ತಿಕೊಂಡು ಹೋದಳು. ಯಮನಪ್ಪ ಸೀಟನ್ನು ಕೋಣೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ಕುಡಿದಿದ್ದ ಎರಡು ಲೋಟ ನೀರಿಗಾಗಿ ಶಿವಗಂಗಾ ಆ ಸಂಜೆಯಿಡೀ ಅತ್ತಳು.

ಹೀಗಿರುವಾಗ ಒಂದು ಬೆಳಗ್ಗೆ ನರೇಶನೇ ಸೇಬುಹಣ್ಣು ಹಿಡಿದು ಬಂದ. ಗೋಡೆಯ ಮೇಲಿನ ಸೀಟು ಕಣ್ಣಿಗೆ ಬಿದ್ದರೂ ಬಿದ್ದಿಲ್ಲವೆಂಬಂತೆ ಮಾತಾಡಿದ. ವೈಟ್‌ಫೀಲ್ಡ್ ಕಡೆಯ ದೊಡ್ಡ ಕಂಪನಿಯೊಂದು ಇವನ ಸೀಟು ಕೊಂಡು ಬಡ ಮುದುಕರಿಗೆ ಹಂಚಲಿದೆಯಂತೆ. ಅವರು ಕಾರ್ಖಾನೆಗೆ ಬರುತ್ತಿದ್ದಾರೆ. ನಿಜವಾಗಿ ಬಿದ್ದು ಪೆಟ್ಟಾದವರು ಸೀಟಿನ ಮೇಲೆ ಕೂತು ನಾಲ್ಕು ಮಾತು ಹೇಳಿದರೆ ವಿಡಿಯೋ ಮಾಡಿಕೊಳ್ಳುತ್ತಾರೆ.

"ಬಚ್ಚಲಲ್ಲಿ ಬಿದ್ದೆ, ಈ ಸೀಟಿಂದ ಮರುಜನ್ಮ ಸಿಕ್ತು ಅನ್ನಿ, ಸಾಕು. ಕಮೋಡೂ ಹಾಕಿಸ್ಕೊಡ್ತೀನಿ. ಪ್ಯಾಕಿಂಗಲ್ಲಿ ಕೂತು ಮಾಡೋ ಕೆಲಸಾನೂ ಕೊಡ್ತೀನಿ."

ಶಿವಗಂಗಾ ಒಂದೇ ಮಾತು ಕೇಳಿದಳು. "ಖರೇ ಕಮೋಡಿನ ಮ್ಯಾಲ ಕೂಡಸ್ತೀರೇನ್ರಿ?"

"ಹೂಂ, ಆಫೀಸ್ ಟಾಯ್ಲೆಟ್ಟಲ್ಲೇ. ಯಾಕೆ?"

"ಬರ್ತೀನ್ರಿ."

ಕಾರಿನಿಂದ ಇಳಿದು, ನರೇಶ್ ತರಿಸಿಟ್ಟಿದ್ದ ವಾಕರ್ ಊರಿಕೊಂಡು ಅವಳು ಮಿಷಿನ್ನುಗಳ ನಡುವೆ ಬಂದಳು. ಹೆಂಗಸರು ಕೆಲಸ ಮಾಡುತ್ತಲೇ ಕಣ್ಣಿನಲ್ಲಿ ಮಾತಾಡಿಸಿದರು. ಶಿವಗಂಗಾ ತಲೆ ಎತ್ತಿ ನೋಡಿದಳು. ಅದೇ ಸರಪಳಿ. ಅದೇ ಕೊಂಡಿ. ಅದಕ್ಕೆ ಹೊಸ ತಂತಿ ಸುತ್ತಿತ್ತು. ಅದರ ಕೆಳಗೆ, ತಾನು ನಿಲ್ಲುತ್ತಿದ್ದ ಜಾಗದಲ್ಲಿ, ವೇಣಿ ಚಾಕು ಹಿಡಿದು ನಿಂತಿದ್ದಳು.

ಆಫೀಸಿನ ಬೀಗ ಹಾಕಿಡುವ ಪಾಯಖಾನೆ ಇವತ್ತು ತೆರೆದಿತ್ತು. ಬಿಳಿ ಕಮೋಡು, ಅದರ ಮೇಲೆ ತಿರುಪು ಬಿಗಿದು ಕೂರಿಸಿದ ಸೀಟು, ಪಕ್ಕದಲ್ಲಿ ಕೈ ತೊಳೆಯುವ ನಲ್ಲಿ. ಕಂಪನಿಯಿಂದ ಬಂದ ರಕ್ಷಿತಾ ಎಂಬ ಹುಡುಗಿ ಫೋನು ಹಿಡಿದು, "ಆರಾಮಾಗಿ ಕೂತ್ಕೊಳ್ಳಿ ಆಂಟಿ, ಕ್ಯಾಮೆರಾ ನೋಡ್ಬೇಡಿ" ಎಂದಳು.

ಶಿವಗಂಗಾ ಹಿಡಿಕೆ ಹಿಡಿದು ಕೂತಳು. ಯಾರೂ ಹಿಡಿಯಬೇಕಾಗಲಿಲ್ಲ. ಬಗ್ಗದ ಕಾಲು ಮುಂದೆ ಚಾಚಿಕೊಂಡಿತು, ಸೊಂಟ ನೋಯಲಿಲ್ಲ. ಇಷ್ಟು ಸುಲಭವೇ ಇದು? ಅವಳಿಗೆ ಹೊಟ್ಟೆಕಿಚ್ಚಾಯಿತು, ದುಃಖವೂ ಆಯಿತು.

"ಹೇಳಿ ಶಿವಗಂಗಮ್ಮ" ಎಂದ ನರೇಶ್.

"ಬಾಗಿಲಾ ಮುಚ್ರಿ."

"ಯಾಕೆ?"

"ಬಂದದ."

ರಕ್ಷಿತಾ ಫೋನು ಕೆಳಗಿಳಿಸಿ, ನಾಚಿಕೊಂಡು ತಾನೇ ಬಾಗಿಲು ಎಳೆದಳು. ಶಿವಗಂಗಾ ಚಿಲಕ ಹಾಕಿಕೊಂಡಳು. ಎಷ್ಟೋ ದಿನಗಳಿಂದ ಕಲ್ಲಾಗಿದ್ದ ಹೊಟ್ಟೆ ಹಗುರಾಯಿತು. ಒಬ್ಬಳೇ, ಯಾರ ಕೈಯಲ್ಲೂ ನೇತಾಡದೆ, ಮನುಷ್ಯಳ ಹಾಗೆ. ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಹೊರಗೆ ನರೇಶನ ದನಿ ಕೇಳುತ್ತಿತ್ತು. "ಪಾಪ, ಬಾತ್‌ರೂಮಲ್ಲಿ ಜಾರಿದ್ದು ಮೇಡಂ. ಈ ಜನ ನೆಲ ಒರೆಸ್ಕೊಳ್ಳಲ್ಲ, ಕೇರ್‌ಲೆಸ್. ಆಸ್ಪತ್ರೆ, ಸೀಟು, ಎಲ್ಲಾ ನಾವೇ ಫ್ರೀಯಾಗಿ ಕೊಟ್ವಿ."

ಶಿವಗಂಗಾ ಅಳು ನಿಲ್ಲಿಸಿದಳು.

ತೊಳೆದುಕೊಂಡು, ಸೀರೆ ಸರಿಮಾಡಿಕೊಂಡು ಮತ್ತೆ ಸೀಟಿನ ಮೇಲೆಯೇ ಕೂತಳು. ನರೇಶ್ ಬಾಗಿಲು ತಟ್ಟಿದ. "ಆಯ್ತಾ? ಮೇಡಂ ಕಾಯ್ತಿದಾರೆ."

"ತೆಗೀತೀನ್ರಿ ಸಾಹೇಬ್ರ. ಮೊದ್ಲ ನಾ ಎಲ್ಲಿ ಬಿದ್ದೆ ಅನ್ನೂದ ಹೇಳ್ರಿ."

"ಏನು?"

"ನನ್ನ ಸೊಂಟ ಎಲ್ಲಿ ಮುರೀತು? ಆ ಮೇಡಮ್ಮಗ ನಿಮ್ಮ ಬಾಯಿಲೆ ಹೇಳ್ರಿ. ಹೇಳಿದ್ರ ತೆಗೀತೀನಿ."

ನರೇಶ್ ನಕ್ಕ. ಆಮೇಲೆ ದನಿ ತಗ್ಗಿಸಿ ಬಾಗಿಲಿಗೆ ಬಾಯಿಟ್ಟ. "ಪ್ಯಾಕಿಂಗ್ ಕೆಲಸ ಬೇಡ್ವಾ? ಪೊಲೀಸ್ ಕರೆಸ್ಬೇಕಾಗತ್ತೆ ನೋಡಿ."

"ಕರೀರಿ. ಅವರ ಮುಂದೂ ಇದನ್ನ ಕೇಳ್ತೀನಿ." ಅವಳ ದನಿ ಏರಿತು. "ಆ ಸರಪಳಿಗಿ ಇನ್ನಾ ತಂತೀನ ಸುತ್ತೀರಲ್ರಿ! ಈಗ ಅದರ ಕೆಳಗ ವೇಣಿ ನಿಂತಾಳ. ನಾಳಿ ಅಕೀನೂ ಬಚ್ಚಲದಾಗ ಬೀಳಾಕೇನು?"

ಆ ಮಾತು ಮಿಷಿನ್ನುಗಳವರೆಗೆ ಕೇಳಿಸಿತು. ಒಂದು ಮಿಷಿನ್ನು ನಿಂತಿತು. ಇನ್ನೊಂದು ನಿಂತಿತು. ಅವುಗಳ ಸದ್ದು ಅಡಗಿ ಚಪ್ಪಲಿಗಳ ಸದ್ದು ಬಾಗಿಲ ಹತ್ತಿರ ಬಂತು.

"ಯಾಕ್ ಬಂದ್ರಿ ಎಲ್ಲಾ? ಹೋಗಿ ಕೆಲಸ ನೋಡಿ!" ನರೇಶ್ ಕೂಗಿದ.

"ಫ್ಯಾಕ್ಟ್ರೀಲೇ ಮೇಡಂ" ಅಂದದ್ದು ವೇಣಿ. "ಡೈ ಬಿತ್ತು. ಅಲ್ನೋಡಿ, ಆ ಚೈನ್ ಕೆಳಗೆ. ನಾನೇ ಎತ್ತಿ ಕಾರಿಗೆ ಹಾಕಿದ್ದು."

"ನಾನೂ ಇದ್ದೆ" ಎಂದಿತು ಇನ್ನೊಂದು ದನಿ.

"ರಕ್ತ ತೊಳೆದಿದ್ದು ನಾನು."

"ಸಾರ್, ಹೌದಾ?" ಎಂದು ರಕ್ಷಿತಾ ಕೇಳಿದಳು.

"ಅದೆಲ್ಲಾ ಆಮೇಲೆ ಮಾತಾಡೋಣ ಮೇಡಂ. ಶಿವಗಂಗಮ್ಮ, ಎಲ್ರೂ ಹೇಳಾಯ್ತಲ್ಲ, ಬಾಗಿಲು ತೆಗೀರಿ."

"ಅವರು ಹೇಳಿದ್ದ ಕೇಳ್ತು. ನೀವ್ ಹೇಳ್ರಿ."

ನರೇಶ್ ಮತ್ತೆ ಬಾಗಿಲು ತಟ್ಟಿದ. ಹೆಂಗಸರು ಯಾರೂ ಮಿಷಿನ್ನಿಗೆ ಹಿಂದಿರುಗಲಿಲ್ಲ, ವಾಪಸು ಹೋಗುವ ಚಪ್ಪಲಿಯ ಸದ್ದು ಕೇಳಲಿಲ್ಲ. ಶಿವಗಂಗಾಳಿಗೆ ಅವಸರವಿರಲಿಲ್ಲ. ಕೂರಲು ಎತ್ತರದ ಸೀಟಿತ್ತು. ಅವಳು ಕೈ ಚಾಚಿ ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ನೀರು ಹಿಡಿದು ಕುಡಿದಳು. ಮತ್ತೆ ಹಿಡಿದು, ಹೊಟ್ಟೆ ತುಂಬುವವರೆಗೆ ಕುಡಿದಳು.