ಮರಳದ ಒಬ್ಬ

ನೆರೆ ಬಂದ ವರ್ಷ ಜೈಲಿನ ಸಾಹೇಬರು ತೊಂಬತ್ತೊಂದು ಕೈದಿಗಳನ್ನು, ವಾಪಸ್ ಬರುತ್ತೇವೆಂದು ಕೊಟ್ಟ ಬರೀ ಮಾತಿನ ಮೇಲೆ, ಮೂರು ದಿನ ಮನೆಗೆ ಬಿಟ್ಟಿದ್ದರು. ಅದರಿಂದಲೇ ಆ ಸಣ್ಣ ಊರಿಗೆ ಹೆಸರು. ದರ್ಜಿ ಕೆಲಸದ ಹೆಂಗಸು ಎರಡು ಬಸ್ಸು ಬದಲಿಸಿ ಆ ಜೈಲನ್ನು ನೋಡಲು ಬಂದಿದ್ದಳು.

ಹಳೇ ಜೈಲಿನ ಗೋಡೆಯ ಮೇಲಿನ ಆ ಕೈದಿಗಳ ಹೆಸರುಗಳನ್ನು ಗೈಡ್ ತೋರಿಸಿದ. "ತೊಂಬತ್ತು ಜನ ವಾಪಸ್ ಬಂದ್ರು. ಈ ಮಹಾನುಭಾವ ಮಾತ್ರ ಕೈಕೊಟ್ಟು ಓಡಿಹೋದ. ಹೆಂಡತಿ ಕೈ ಊಟ ಬಿಡಕ್ಕಾಗಲಿಲ್ಲ ಅಂತ ಕಾಣತ್ತೆ."

ಜನ ಹಲ್ಲು ಕಿಸಿದರು. ಅವರೆಲ್ಲ ಮುಂದಿನ ಕೋಣೆಗೆ ಹೋಗುವವರೆಗೆ ಅವಳು ತಡೆದುಕೊಂಡಳು.

"ಅವ್ರು ನಮ್ಮಪ್ಪ. ಮೂರನೇ ದಿನ ಹೊರಟು ನಿಂತಿದ್ರು. ನಂಗಾಗ ಆರು ವರ್ಷ. ಕಾಲು ತಬ್ಕೊಂಡು ಬಿಡಲೇ ಇಲ್ಲ. ನನಗೋಸ್ಕರ ಒಂದು ದಿನ ಉಳಿದ್ರು. ಮಾರನೇ ದಿನ ಇಲ್ಲಿಗೆ ಬರ್ತಾ ಹೊಳೇಲಿ ಕೊಚ್ಚಿಹೋದ್ರು."

ಗೈಡ್ ಕತ್ತು ಕೆರೆದುಕೊಂಡ. "ಏನ್ಮಾಡ್ಲಿ ಅಕ್ಕಾ, ಒಬ್ಬ ಓಡಿಹೋದ ಅಂದ್ರೇನೇ ಜನ ನಂಬೋದು. ಎಲ್ರೂ ಬಂದ್ರು ಅಂದ್ರೆ ಕಟ್ಟುಕತೆ ಅಂತಾರೆ."

"ಬರಲಿಲ್ಲ ಅಂತಲೇ ಹೇಳಪ್ಪ. ಓಡಿಹೋದ ಅನ್ನಬೇಡ. ಮಗಳು ಬಿಡಲಿಲ್ಲ ಅನ್ನು."

ಗೈಡ್ ಗೋಡೆಯ ಮೇಲಿನ ಆ ಹೆಸರನ್ನು ಇನ್ನೊಮ್ಮೆ ನೋಡಿದ. ಬಾಗಿಲಲ್ಲಿ ಮುಂದಿನ ಗುಂಪು ಕಾಯುತ್ತಿತ್ತು.